ಹಾಡುವ ಕೋಣೆಯ ಪಾಲುದಾರಿಕೆ

ಗೋರ್ನಾ ಲಿವಾದಾ ಊರಿನ ವಾಚನ ಮಂದಿರದ ಮಹಡಿ ಕೋಣೆಯಲ್ಲಿ ವೇಲಿಕಾ ಅಜ್ಜಿಯ ಹಾಡಿನ ಮೇಳ ಮೂವತ್ತೊಂದು ವರ್ಷದಿಂದ ಹಾಡಿಕೊಂಡು ಬಂದಿತ್ತು. ಈಗ ಪುರಸಭೆ ಒಂದು ಖಾಸಗಿ ವಿಶ್ವವಿದ್ಯಾಲಯದ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ಕಟ್ಟಡ, ಒಲೆಗೆ ಸೌದೆ, ದೀಪ, ಕಸ ಗುಡಿಸುವವರು ಊರಿನ ಪಾಲು. ಬಾಗಿಲ ಮೇಲಿನ ಹಿತ್ತಾಳೆ ಫಲಕ ಮತ್ತು ಮುಖ್ಯಸ್ಥನಾಗಿ ಒಬ್ಬ ರೆಕ್ಟರ್ ವಿಶ್ವವಿದ್ಯಾಲಯದ ಪಾಲು. ಸರ್ಕಾರದ ಮಾನ್ಯತೆ ಸಿಕ್ಕ ಮರುದಿನವೇ ಹಾಡುವ ಕೋಣೆ ಡೀನರ ಕಚೇರಿಯಾಗಬೇಕೆಂದು ಕಾಗದದಲ್ಲಿ ಬರೆದಿತ್ತು. ಕೋಣೆ ಹೋದರೆ ಮೇಳವೂ ಹೋದಂತೆಯೇ ಎಂದು ಅಜ್ಜಿಗೆ ಗೊತ್ತಿತ್ತು.

ಮಾನ್ಯತೆಯ ಸಮಿತಿ ಬಂದ ದಿನ ಮೇಳದವರು ಎಂದಿನಂತೆ ಕಸೂತಿಯ ಉಡುಪು ತೊಟ್ಟು, ಕಿವಿಗೆ ಹೂ ಸಿಕ್ಕಿಸಿ, ದುಂಡು ಬ್ರೆಡ್ಡು ಮತ್ತು ಉಪ್ಪು ಹಿಡಿದು ಬಾಗಿಲಲ್ಲಿ ಅತಿಥಿಗಳಿಗೆ ಸ್ವಾಗತ ಹಾಡಿದರು. ಸಮಿತಿಯವರು ತುಂಡು ಮುರಿದು ಉಪ್ಪಿಗೆ ಅದ್ದುತ್ತಿದ್ದಾಗ ಮೇಯರ್ ಕಾಮೆನ್ ಅಜ್ಜಿಯನ್ನು ಕಂಬದ ಮರೆಗೆ ಕರೆದ.

"ಅಜ್ಜಿ, ಕ್ಲಾಸಲ್ಲಿ ಒಂದು ನರಪಿಳ್ಳೆ ಇಲ್ಲ. ಸೇರ್ತೀವಿ ಅಂದಿದ್ದ ಹುಡುಗ್ರೆಲ್ಲ ರಾಜಧಾನಿ ಸೋಫಿಯಾಕ್ಕೆ ಹೋಗ್ಬಿಟ್ರು. ನೀವು ಇಪ್ಪತ್ತೆರಡು ಜನ ಹಿಂದಿನ ಮೆಟ್ಲು ಹತ್ತಿ ಬೆಂಚಲ್ಲಿ ಕೂತ್ಬಿಡಿ. ಒಂದೇ ಗಂಟೆ."

"ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೋಳು ಕಣೋ ನಾನು."

"ಅವರು ತಲೆ ಎಣಿಸ್ತಾರೆ ಅಷ್ಟೇ, ಒಳಗೇನಿದೆ ನೋಡಲ್ಲ."

"ಹಂಗೇ ಕೂತ್ರೆ ಸುಳ್ಳಾಗುತ್ತಪ್ಪ. ದಾಖಲಾತಿ ಪುಸ್ತಕದಲ್ಲಿ ನಮ್ಮ ಹೆಸ್ರು ಬರ್ಸು, ಮುದ್ರೆ ಒತ್ಸು. ಆಮೇಲೆ ಹತ್ತೀವಿ."

ಮೇಯರ್ ರೆಕ್ಟರ್ ಕಡೆ ನೋಡಿದ. ರೆಕ್ಟರ್ ಸಮಿತಿಯವರ ಕೈಯಲ್ಲಿ ಮುಗಿಯುತ್ತಾ ಬಂದಿದ್ದ ಬ್ರೆಡ್ಡಿನ ಕಡೆ ನೋಡಿದ. ಹೆಸರುಗಳು ಪುಸ್ತಕಕ್ಕೆ ಏರಿದವು, ಮುದ್ರೆ ಬಿತ್ತು.

ಮೇಳದ ಅಜ್ಜಿಯರು ಕಸೂತಿಯ ಉಡುಪಿನ ಮೇಲೆ ಕೋಟು ತೊಟ್ಟು ಬೆಂಚುಗಳಲ್ಲಿ ಕುಳಿತರು. ಕಿವಿಯ ಹೂ ತೆಗೆಯಲು ಒಬ್ಬರಿಗೂ ನೆನಪಾಗಲಿಲ್ಲ. ಸಮಿತಿಯ ಹಿರಿಯಳು ಮೊದಲ ಬೆಂಚಿನಲ್ಲಿದ್ದ ವೇಲಿಕಾ ಅಜ್ಜಿಯ ಮುಂದೆ ನಿಂತಳು.

"ಬಾಗಿಲಲ್ಲಿ ಬ್ರೆಡ್ಡು ಕೊಟ್ಟೋರು ನೀವೇ ಅಲ್ವಾ?"

"ಹೂಂ ತಾಯಿ. ಕ್ಲಾಸಿಗೆ ಮುಂಚೆ ಅದೊಂದು ಕೆಲ್ಸ."

"ಏನು ಓದ್ತಿದೀರಿ?"

"ಪಾಲುದಾರಿಕೆ."

"ಏನು ಕಲಿತ್ರಿ?"

"ಕಟ್ಟಡ ನಮ್ದು, ಸೌದೆ ನಮ್ದು, ಬೆಂಚಲ್ಲಿ ಕೂತ ಮೈಯೂ ನಮ್ದು. ಫಲಕ ಅವ್ರದು."

ಹಿರಿಯಳು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಬರೆದಳು: ವಿದ್ಯಾರ್ಥಿನಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ. ಮಾನ್ಯತೆ ಸಿಕ್ಕಿತು, ವಿದ್ಯಾರ್ಥಿಗಳು ಇಪ್ಪತ್ತೆರಡಕ್ಕಿಂತ ಕಡಿಮೆಯಾಗಬಾರದು ಎಂಬ ಷರತ್ತಿನ ಮೇಲೆ.

ಮರುದಿನ ಇಬ್ಬರು ಆಳುಗಳು ಡೀನರ ಮೇಜು ಹೊತ್ತು ಮಹಡಿಗೆ ಬಂದರು, ಹಿಂದೆ ರೆಕ್ಟರ್. ಒಳಗೆ ಹಾಡು ನಡೆದಿತ್ತು.

"ಅಜ್ಜಿ, ಇದಿನ್ನು ಡೀನರ ಕಚೇರಿ."

"ನಮ್ಮ ತರಗತಿ ನಡೀತಾ ಇದೆ ಸ್ವಾಮಿ. ಎಬ್ಬಿಸಿದ್ರೆ ಎಲ್ರೂ ಹೆಸ್ರು ತೆಗೆಸ್ತೀವಿ. ಆಮೇಲೆ ಎಷ್ಟು ಜನ ಉಳೀತಾರೋ ನೀವೇ ಎಣಿಸ್ಕೊಳ್ಳಿ."

ರೆಕ್ಟರ್ ಆಳುಗಳಿಗೆ ಕೆಳಗೆ ಕೈ ತೋರಿಸಿದ. ಮೇಜು ಮೆಟ್ಟಿಲ ಕೆಳಗಿನ ಪೊರಕೆ ಗೂಡಿಗೆ ಹೋಯಿತು. ವೇಳಾಪಟ್ಟಿಯಲ್ಲಿ ಮೇಳ ಹಾಡುವ ಮಂಗಳವಾರ, ಗುರುವಾರಗಳ ಎದುರು ಅವನು ತನ್ನ ಕೈಯಾರೆ "ಪ್ರಾಯೋಗಿಕ ತರಗತಿ" ಎಂದು ಬರೆದ.