ಕ್ಯಾಪ್ಟನ್ ಕೊಟ್ಟ ಡಬಲ್ ಬೆಲ್

ಬಸ್ ಓಡಿಸಿ ನಿವೃತ್ತನಾದವನು ಮನೆಯಲ್ಲಿ ಸುಮ್ಮನೆ ಕೂತು ಪೇಪರ್ ಓದಬೇಕು. ನಮ್ಮ ಡ್ರೈವರ್ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ಡಿಪೋದಿಂದ ಗುಜರಿಗೆ ಹೊರಟಿದ್ದ ಒಂದು ಸಣ್ಣ ಬಸ್ಸನ್ನು ಕೊಂಡುತಂದ. ಸೀಟು ಕಿತ್ತು ಎಸೆದು, ಮಡಚುವ ಮಂಚ, ಎರಡು ಬರ್ನರಿನ ಒಲೆ, ಎರಡು ಲೋಟ ಇಟ್ಟರೆ ತುಂಬಿಹೋಗುವ ಸಿಂಕು ಕೂರಿಸಿ ಅದನ್ನು ಮನೆಗಾಡಿ ಮಾಡಿದ. ಬಾಗಿಲು ಮಾತ್ರ ಅದೇ ಹಳೇ ಮಡಚು ಬಾಗಿಲು, ಅದನ್ನು ತೆರೆಯುವ ಲಿವರು ಅವನ ಸೀಟಿನ ಪಕ್ಕದಲ್ಲೇ. ಹೊರಗಿನ ಹಳದಿ ಬಣ್ಣವನ್ನಾದರೂ ಬದಲಾಯಿಸೋಣ ಎಂದು ಹೆಂಡತಿ ಬಡಿದುಕೊಂಡಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹೆಂಡತಿ ಎಂದರೆ ಬರೀ ಹೆಂಡತಿಯಲ್ಲ, ಅವನ ಬಸ್ಸಿನ ಕಂಡಕ್ಟರಾಗಿದ್ದವಳು. ಮನೆಯಲ್ಲಿ ಮಾತು ಬಿಟ್ಟಿದ್ದ ದಿನಗಳಲ್ಲೂ ಬಸ್ಸಿನಲ್ಲಿ ಬೆಲ್ಲಿನಲ್ಲೇ ಸಂಸಾರ ನಡೆಸಿದವರು ಇಬ್ಬರೂ. ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಈಗಲೂ ಅವನು ಅವಳನ್ನು ಕರೆಯುವುದು ‘ಕಂಡಕ್ಟರೇ’ ಎಂದೇ.

ಹೀಗೆ ಈ ಜೋಡಿ ಉತ್ತರದ ಕರಾವಳಿಯ ಊರುಗಳನ್ನು ಸುತ್ತುತ್ತಾ ಹೊರಟಿತ್ತು. ಆ ಕಡೆಯ ರಸ್ತೆಗಳು ವಿಚಿತ್ರ. ಚೆನ್ನಾಗಿ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ನೀರಿಗಿಳಿದು ಮುಗಿದುಬಿಡುತ್ತದೆ. ಅಲ್ಲಿ ಗಾಡಿಸಮೇತ ಫೆರ್ರಿ ಹತ್ತಬೇಕು, ಆಚೆ ದಡದಲ್ಲಿ ಇಳಿದರೆ ರಸ್ತೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಕಿಟಕಿಗೆ ಉಪ್ಪುಗಾಳಿ ಅಂಟಿ, ಒಲೆಯ ಮೇಲಿನ ಪಾತ್ರೆ ಪ್ರತಿ ತಿರುವಿನಲ್ಲೂ ಜಾರಿ, ಕಂಡಕ್ಟರಮ್ಮನ ಬಾಯಿಗೆ ಬಿಡುವೇ ಇರಲಿಲ್ಲ. ಆದರೂ ಇಬ್ಬರೂ ಬಲು ಖುಷಿಯಲ್ಲಿದ್ದರು. ಯಾಕೆಂದರೆ ಮುಂದಿನ ಫೆರ್ರಿಯ ಕ್ಯಾಪ್ಟನ್ ಅವರ ಮಗಳು ಪುಟ್ಟಿ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಅವಳು ಕ್ಯಾಪ್ಟನ್ ಆಗಿ ಮೊದಲ ಸಲ ಹಡಗು ಬಿಡುವವಳು. ಆ ಮೊದಲ ಟ್ರಿಪ್ಪಿನಲ್ಲಿ ತಾನಿರಬೇಕು ಎಂಬುದು ಡ್ರೈವರನ ಒಂದೇ ಆಸೆ. ಅದಕ್ಕೆಂದೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಸಿಂಕಿನ ಮೇಲೆ ನೇತಾಡುತ್ತಿತ್ತು.

ಪುಟ್ಟಿ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದಳು: “ಅಪ್ಪ, ಎರಡು ಗಂಟೆ ಅಂದ್ರೆ ಎರಡು ಗಂಟೆ. ನಾನು ಯಾರಿಗೂ ಕಾಯಲ್ಲ.”

“ಯಾರಿಗೆ ಹೇಳ್ತಿದೀಯೇ? ನಿಂಗೆ ಟೈಮು ಕಲಿಸಿದ್ದೇ ನಾನು!”

ಕಲಿಸಿದ್ದು ನಿಜ. ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಬ್ಯಾಗು ಹಿಡಿದು ಸ್ಟಾಪಿಗೆ ಓಡಿ ಬರುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಗಡಿಯಾರ ನೋಡಿದ, ಬಸ್ಸು ಬಿಟ್ಟ. ಆ ಕತೆಯನ್ನು ಅವನು ಮದುವೆಮನೆಗಳಲ್ಲಿ, ಡಿಪೋ ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. “ಸ್ವಂತ ಮಗಳು! ಬಿಟ್ಟು ಹೊರಟೇಬಿಟ್ಟೆ!” ಎಂದು ತೊಡೆ ತಟ್ಟಿ ನಗುವನು, ಎಲ್ಲರೂ ನಗುವರು. ಪುಟ್ಟಿ ಮಾತ್ರ ಒಂದು ದಿನವೂ ನಕ್ಕವಳಲ್ಲ. ಕತೆ ಶುರುವಾದರೆ ಲೋಟಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋಗುವಳು. ಅದು ಅವನ ಗಮನಕ್ಕೆ ಬಂದಿರಲಿಲ್ಲ. ಕಂಡಕ್ಟರಮ್ಮನ ಗಮನಕ್ಕೆ ಬಾರದೆ ಇದ್ದದ್ದು ಯಾವುದೂ ಇರಲಿಲ್ಲ.

ಕೊನೆಯ ಊರು ಬಂತು. ಮೀನುಬಲೆ ಒಣಹಾಕಿದ ಕಟಾಂಜನಗಳು, ಬಣ್ಣಬಣ್ಣದ ಬಾಗಿಲುಗಳು, ಇಳಿಜಾರಿನ ಬೀದಿ, ಕೆಳಗೆ ಕಡಲು. ಬೇಕಾದಷ್ಟು ಸಮಯವಿತ್ತು. ಬೇಕರಿಯ ಮುಂದೆ ಒಂದು ಬಸ್ ಸ್ಟಾಪು. ಅದು ಕಂಡದ್ದೇ ತಡ, ಡ್ರೈವರನ ಕಾಲು ತಾನಾಗಿ ಬ್ರೇಕ್ ಒತ್ತಿತು, ಕೈ ತಾನಾಗಿ ಲಿವರು ಎಳೆಯಿತು. ಬಾಗಿಲು ಮಡಚಿಕೊಂಡಿತು.

“ರೀ! ಇದು ಬಸ್ಸಲ್ಲ ರೀ!” ಎಂದು ಕಂಡಕ್ಟರಮ್ಮ ಹಿಂದಿನಿಂದ ಕೂಗಿದಳು. ಈ ಪ್ರವಾಸದಲ್ಲಿ ಹೀಗೆ ಕೂಗುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಅಷ್ಟರಲ್ಲಿ ಒಬ್ಬಳು ಅಜ್ಜಿ ಹತ್ತಿಯೇಬಿಟ್ಟಿದ್ದಳು. ಕೈಯಲ್ಲಿ ಟೊಮ್ಯಾಟೊ ಸಸಿಗಳ ಟ್ರೇ. ಮಂಚದ ಮೇಲೆ ಉಸ್ಸೆಂದು ಕೂತು, “ಈ ಹೊಸಾ ಬಸ್ಸು ಎಷ್ಟು ಚೆನ್ನಾಗಿದೆಯಪ್ಪಾ, ಮಲಗೋಕೂ ಜಾಗ ಇದೆ! ದೀಪಸ್ತಂಭದ ಹತ್ರ ಇಳಿಸಿಬಿಡು, ತಂಗಿ ಮನೆಗೆ ಹೋಗ್ಬೇಕು,” ಎಂದಳು.

ದೀಪಸ್ತಂಭ ಗುಡ್ಡದ ಮೇಲಿತ್ತು. ಫೆರ್ರಿ ಗುಡ್ಡದ ಕೆಳಗೆ.

“ಅಜ್ಜಿ, ತಪ್ಪಾಯ್ತು, ಇದು ನಮ್ಮ ಮನೆ...” ಎಂದು ಡ್ರೈವರ್ ಶುರುಮಾಡಿದ.

ಹಿಂದಿನಿಂದ ಕಂಡಕ್ಟರಮ್ಮನ ಗಂಟಲು ಕೇಳಿಸಿತು. ಅದು ಹೆಂಡತಿಯ ಗಂಟಲಲ್ಲ, ಡ್ಯೂಟಿಯ ಗಂಟಲು. “ಹತ್ತಿಸ್ಕೊಂಡ ಪ್ಯಾಸೆಂಜರ್‌ನ ದಾರೀಲಿ ಇಳಿಸಿದ್ದು ನನ್ನ ಸರ್ವೀಸಲ್ಲೇ ಇಲ್ಲ. ಬಾಗಿಲು ಹಾಕಿ. ರೈಟ್!”

“ಕಂಡಕ್ಟರೇ, ಪುಟ್ಟಿ ಹಡಗು...”

“ಬಾಗಿಲು ತೆಗೆದಿದ್ದು ಯಾರು? ರೈಟ್ ಅಂದೆ!”

ರೈಟ್ ಎಂದ ಮೇಲೆ ಆ ಕಾಲು ನಿಲ್ಲುವ ಕಾಲೇ ಅಲ್ಲ. ಗಾಡಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿತು. ಮೇಲೆ ಅಜ್ಜಿ ನಿಧಾನವಾಗಿ ಎದ್ದು, ನಿಧಾನವಾಗಿ ಟ್ರೇ ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಟಿಕೆಟಿಗೆ ಎಷ್ಟು ಎಂದು ಕೇಳಿದಳು. ಬೇಡವೆಂದರೆ ಬಿಡಲೊಲ್ಲಳು. ಕೊನೆಗೆ ಚೆನ್ನಾಗಿ ಚಿಗುರಿದ್ದ ಒಂದು ಸಸಿಯನ್ನು ಆರಿಸಿ, ಅಲ್ಲ ಅದಲ್ಲ ಇದು ಎಂದು ಮತ್ತೊಂದನ್ನು ಆರಿಸಿ ಕಂಡಕ್ಟರಮ್ಮನ ಕೈಗಿಟ್ಟಳು. ಡ್ರೈವರ್ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡ.

ಕೆಳಗೆ ಹಡಗು ನಿಲ್ಲುವ ದಕ್ಕೆಗೆ ಬಂದಾಗ ಫೆರ್ರಿಯ ರ‍್ಯಾಂಪು ಮೇಲೇಳುತ್ತಿತ್ತು. ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಕೈ ಬೀಸುತ್ತಾ ಓಡಿದ. “ಪುಟ್ಟೀ! ಏ ಪುಟ್ಟೀ!” ಹಡಗಿಗೂ ದಕ್ಕೆಗೂ ನಡುವೆ ಒಂದು ಮಾರು ನೀರು ಕಾಣಿಸಿತು, ಆಮೇಲೆ ಎರಡು ಮಾರು. ಮೇಲಿನ ಗಾಜಿನ ಕೋಣೆಯಲ್ಲಿ ಬಿಳಿ ಟೋಪಿ ತೊಟ್ಟ ಮಗಳು ಸ್ಪಷ್ಟವಾಗಿ ಕಾಣುತ್ತಿದ್ದಳು. ಅವಳೂ ಅವನನ್ನು ನೋಡುತ್ತಿದ್ದಳು. ಹಡಗು ಎರಡು ಸಲ ಭೋಂ ಭೋಂ ಎಂದು ಕೂಗಿತು.

ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಬ್ಯಾಗು ಹಿಡಿದು ಓಡಿ ಬರುತ್ತಿದ್ದ ಹುಡುಗಿಯನ್ನು ಅವನು ಕನ್ನಡಿಯಲ್ಲಿ ನೋಡಿದ್ದ. ಆ ಹುಡುಗಿಗೆ ಬಸ್ಸಿನ ಬೆನ್ನು ಹೇಗೆ ಕಂಡಿತ್ತು ಎಂಬುದು ಇವತ್ತೇ ಗೊತ್ತಾದದ್ದು. ಅಯ್ಯೋ ಎನಿಸಿತು. ಅದರ ಜೊತೆಗೇ ಹೆಮ್ಮೆಯಿಂದ ಎದೆ ಉಬ್ಬಿ ಬಂತು. ಎರಡನ್ನೂ ಒಟ್ಟಿಗೆ ತಾಳಲಾರದೆ ಅವನು ಅಲ್ಲೇ ಹಡಗು ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತುಬಿಟ್ಟ.

ಸಸಿ ಹಿಡಿದುಕೊಂಡು ಬಂದ ಕಂಡಕ್ಟರಮ್ಮ ಕೈಗಡಿಯಾರ ನೋಡಿದಳು. “ಸರಿಯಾಗಿ ಎರಡು. ಡಬಲ್ ಬೆಲ್ ಬೇರೆ ಕೊಟ್ಲು ನೋಡಿ.”

“ನೋಡ್ದೆ ಕಣೇ,” ಎಂದ ಡ್ರೈವರ್. ಕಣ್ಣಲ್ಲಿ ನೀರು, ಮೀಸೆಯಡಿ ನಗು. “ಪಾಪ, ಅವತ್ತು ಅವಳು ಶಾಲೆಗೆ ಹೇಗೆ ಹೋದಳೋ.”

“ನಡ್ಕೊಂಡು ಹೋದ್ಲು. ಇಷ್ಟು ವರ್ಷ ಆದ್ಮೇಲಾದ್ರೂ ಕೇಳಿದ್ರಲ್ಲ, ಸದ್ಯ.”

ಸಂಜೆ ಹಡಗು ವಾಪಸ್ ಬಂದಾಗ ಸಾಲಿನಲ್ಲಿ ಮೊದಲ ಗಾಡಿ ಹಳದಿಯದೇ. ರ‍್ಯಾಂಪು ಪೂರ್ತಿ ಇಳಿಯುವ ಮೊದಲೇ ಪುಟ್ಟಿ ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಬಂದಳು. ಮುಖ ಬಾಡಿತ್ತು.

“ಅಪ್ಪ, ಬೇಜಾರಾಯ್ತಾ? ಕಾಣಿಸ್ತಿದ್ದೆ ನೀನು. ಆದ್ರೆ...”

“ಕಾದಿದ್ರೆ ನಿನ್ನ ಹಡಗು ಹತ್ತುತ್ತಲೇ ಇರ್ಲಿಲ್ಲ ನಾನು,” ಎಂದ ಡ್ರೈವರ್. ಆಮೇಲೆ ಅಂಗಿಯ ಗುಂಡಿ ತಿರುವುತ್ತಾ, “ಬಿಟ್ಟು ಹೋದ್ರೆ ಇಷ್ಟು ಸಂಕಟ ಆಗುತ್ತೆ ಅಂತ ನಂಗೊತ್ತಿರ್ಲಿಲ್ಲ ಮಗಾ,” ಎಂದ.

ಪುಟ್ಟಿ ಅಪ್ಪನ ತೋಳು ಹಿಡಿದು ಹಡಗಿಗೆ ಕರೆದುಕೊಂಡು ಹೋದಳು. ಟೊಮ್ಯಾಟೊ ಸಸಿ ಕ್ಯಾಪ್ಟನ್ ಕೋಣೆಯ ಕಿಟಕಿಯಲ್ಲಿ ಕೂತಿತು.

ಆ ಸಂಜೆಯ ಟ್ರಿಪ್ಪಿನಲ್ಲಿ ಹಡಗಿನ ಕೆಲಸದವರೆಲ್ಲ ಟೀ ಹಿಡಿದು ಡ್ರೈವರನ ಸುತ್ತ ನೆರೆದರು. ಏನಾದರೂ ಹೇಳಿ ಎಂದರು. ಅವನು ಗಂಟಲು ಸರಿಮಾಡಿಕೊಂಡ. ಅಭ್ಯಾಸಬಲದಿಂದ ಪುಟ್ಟಿ ಖಾಲಿ ಲೋಟಗಳಿಗೆ ಕೈ ಹಾಕಿದಳು.

“ಒಬ್ಬ ಡ್ರೈವರ್ ಇದ್ದ,” ಎಂದು ಅವನು ಶುರುಮಾಡಿದ. “ಬಿಳಿ ಅಂಗಿಗೆ ಇಸ್ತ್ರಿ ಮಾಡಿಸ್ಕೊಂಡು, ದಕ್ಕೆ ಮೇಲೆ ಹುಚ್ಚನ ಥರ ಕೈ ಬೀಸ್ತಾ ನಿಂತಿದ್ದ. ಸ್ವಂತ ಅಪ್ಪ! ಬಿಟ್ಟು ಹೊರಟೇಬಿಟ್ಲು!”

ಲೋಟಗಳನ್ನು ಕೆಳಗಿಟ್ಟು ಕ್ಯಾಪ್ಟನ್ ನಕ್ಕಳು.