ಮರಿಗೆ ಸಿಕ್ಕ ತವರು

ರೇಷ್ಮೆ ಹುಳು ಸಾಕುವ ಮನೆಗೆ ಇಲಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಹಾಗಾಗಿ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಹುಳುಮನೆ ಇದ್ದಲ್ಲಿ ಬೆಕ್ಕು ಇರಲೇಬೇಕು. ಶ್ಯಾಮಲಮ್ಮನ ಮನೆಯಲ್ಲಂತೂ ಬೆಕ್ಕಿಗಿದ್ದ ಮರ್ಯಾದೆ ಸೊಸೆಗೆ ಇರಲಿಲ್ಲ. ಹೀಗೆಂದರೆ ಕೇಳಿದವರು ನಗಬಹುದು. ಶಿರೀಷಾಗೆ ಮಾತ್ರ ನಗು ಬರುತ್ತಿರಲಿಲ್ಲ, ಏಕೆಂದರೆ ಆ ಸೊಸೆ ಅವಳೇ.

ತಾಯಿ ಬೆಕ್ಕು ಟೆಂಪೋ ಚಕ್ರಕ್ಕೆ ಸಿಕ್ಕಿ ಸತ್ತ ಮೇಲೆ ಅದರ ಎರಡು ಮರಿಗಳಿಗೂ ಶ್ಯಾಮಲಮ್ಮನೇ ತಾಯಿ. ಒಂದು ಕರಿಯ ಗಂಡು, ಇನ್ನೊಂದು ಬೂದಿ ಬಣ್ಣದ ಹೆಣ್ಣು. ಹಗಲೆಲ್ಲ ಜಗುಲಿಯ ಮೇಲೆ ಒಂದರ ಮೇಲೊಂದು ಬಿದ್ದು ಹೊರಳಾಡುವುದು, ಕಿವಿ ಕಚ್ಚುವುದು, ಹಿಂಗಾಲಲ್ಲಿ ಒದೆಯುವುದು. ಮೊದಲ ಸಲ ನೋಡಿದಾಗ ಶಿರೀಷಾ ಗಾಬರಿಯಿಂದ ಪೊರಕೆ ಹಿಡಿದು ಓಡಿದ್ದಳು.

"ಬಿಡೇ, ಅದು ಆಟ" ಎಂದಿದ್ದರು ಅತ್ತೆ, ಹುಳುವಿಗೆ ಸೊಪ್ಪು ಹೆಚ್ಚುತ್ತಾ. "ಈಗ ಮೇಲಿರೋದು ಆಮೇಲೆ ಕೆಳಗೆ ಬರುತ್ತೆ ನೋಡು. ಒಂದು ಕಿರ್ ಅಂದ್ರೆ ಇನ್ನೊಂದು ಬಿಟ್ಬಿಡುತ್ತೆ. ಅಲ್ಲೀವರೆಗೂ ಆಟ. ಯಾವಾಗ್ಲೂ ಒಂದೇ ಮೇಲಿದ್ರೆ, ಕೂಗಿದ್ರೂ ಬಿಡದೇ ಇದ್ರೆ, ಆವಾಗ ಅದು ಆಟ ಅಲ್ಲ ಕಣೇ."

"ಆವಾಗ ಏನ್ಮಾಡ್ಬೇಕು ಅತ್ತೆ?"

"ಬಿಡಿಸ್ಬೇಕು. ಇನ್ನೇನು, ನೋಡ್ಕೊಂಡು ಕೂತ್ಕೋತಾರಾ?"

ಆ ಮಾತು ಶಿರೀಷಾಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವಳ ಗಂಡ ರಮೇಶ್‌ಬಾಬುಗೆ ತಮಾಷೆ ಎಂದರೆ ಪ್ರಾಣ. ಹೆಂಡತಿಯ ಕೈ ಹಿಂದಕ್ಕೆ ತಿರುಚುವುದು ತಮಾಷೆ, ಜಡೆ ಹಿಡಿದು ಎಳೆಯುವುದು ತಮಾಷೆ, ತಟ್ಟೆ ಹಾಕುವುದು ತಡವಾದರೆ ಬೆನ್ನಿಗೆ ಗುದ್ದಿ "ತಮಾಷೆಗೆ ಕಣೇ" ಎಂದು ಹಲ್ಲು ಕಿರಿಯುವುದೂ ತಮಾಷೆ. ಬಂದ ನೆಂಟರೂ ನಗುತ್ತಿದ್ದರು, ಹೊಟ್ಟೆ ತುಂಬಾ ಉಂಡವರಿಗೆ ನಗಲು ಏನು ಕಷ್ಟ! ಮದುವೆಯಾದಾಗಿನಿಂದ ಈ ಆಟದಲ್ಲಿ ಅವಳು ಒಮ್ಮೆಯೂ ಮೇಲೆ ಬಂದದ್ದಿಲ್ಲ. ಕೂಗಿದರೆ ಅವನ ಹಿಡಿತ ಇನ್ನಷ್ಟು ಬಿಗಿಯಾಗುತ್ತಿತ್ತು. ಅತ್ತೆಗೆ ಗೊತ್ತಿಲ್ಲ, ಗೊತ್ತಾದರೆ ಬಿಡಿಸುತ್ತಾರೆ ಎಂದುಕೊಂಡು ಸುಮ್ಮನಿದ್ದಳು.

ಹುಳು ದಪ್ಪವಾಗುವ ಹೊತ್ತಿಗೆ ಮರಿಗಳೂ ಬೆಳೆದಿದ್ದವು. ಬೂದಿ ಮರಿ ಹಾಲಿನ ತಟ್ಟೆಯ ಹತ್ತಿರ ಬರುವುದನ್ನು ಬಿಟ್ಟಿತು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳ ಹಿಂದೆ ಸೇರಿಕೊಂಡು, ಕರಿಯದರ ನೆರಳು ಕಂಡರೂ ಕಿವಿ ಮಡಚಿ ಬುಸುಗುಟ್ಟುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಶ್ಯಾಮಲಮ್ಮನೇ. ಎತ್ತಿಕೊಂಡು ಕೂದಲು ಸರಿಸಿ ನೋಡಿದರೆ ಕತ್ತಿನಲ್ಲಿ ಹಲ್ಲಿನ ಗಾಯ. ಕರಿಯದು ಮತ್ತೆ ಮೇಲೆ ಹಾರಿದಾಗ ಅವರು ಹೊಡೆಯಲಿಲ್ಲ, ನಡುವೆ ಕೈಯನ್ನೂ ಹಾಕಲಿಲ್ಲ. ಗೋಣಿಚೀಲ ಎಸೆದು ಬೇರೆ ಮಾಡಿದರು. ಬೇರೆ ತಟ್ಟೆ, ಬೇರೆ ಮೂಲೆ, ಬೇರೆ ಹಾಸಿಗೆ ಎಲ್ಲ ಆಯಿತು. ಕರಿಯದು ಬಿಡಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ರಮೇಶ್‌ಬಾಬುವಿನ ತಮಾಷೆಗೆ ಶಿರೀಷಾಳ ಮಣಿಕಟ್ಟು ಊದಿಕೊಂಡಿತು. ಅವಳು ನೇರ ಅತ್ತೆಯ ಮುಂದೆ ಹೋಗಿ ಕೈ ಚಾಚಿದಳು. "ನೋಡಿ ಅತ್ತೆ. ಕೂಗಿದ್ರೂ ಬಿಡಲಿಲ್ಲ."

ಶ್ಯಾಮಲಮ್ಮ ನೋಡಿದರು. ಚೆನ್ನಾಗಿಯೇ ನೋಡಿದರು. "ಅವನು ಚಿಕ್ಕೋನಿಂದ್ಲೂ ಹಂಗೇ ಕಣಮ್ಮ, ಆಟ ಜಾಸ್ತಿ. ನೀನೇ ಸ್ವಲ್ಪ ಅನುಸರಿಸ್ಕೊಂಡು ಹೋಗು" ಎಂದವರೇ ಮಡಿಲಲ್ಲಿದ್ದ ಮರಿಯ ಬಾಯಿಗೆ ಹತ್ತಿಯಿಂದ ಹಾಲು ಹಿಂಡಿದರು. ಅವರ ಕಣ್ಣಲ್ಲಿ ನೀರಿತ್ತು. "ಪಾಪ, ಇದು ಇಲ್ಲಿದ್ರೆ ಬದುಕಲ್ಲ. ತೊಂಡೇಬಾವೀಲಿ ನಿಮ್ಮಮ್ಮನ ಹತ್ರ ಬಿಟ್ಟು ಬಾ. ಅಲ್ಲಾದ್ರೂ ನೆಮ್ಮದಿಯಾಗಿರ್ಲಿ."

ಶಿರೀಷಾಗೆ ಮೈಯೆಲ್ಲ ಉರಿದುಹೋಯಿತು. ಬೆಳಗ್ಗೆ ಮರಿಯನ್ನು ಚೀಲಕ್ಕೆ ಹಾಕಿದಳು. ದಾರಿ ಕಂಡರೆ ಬೆಕ್ಕು ಹಿಂದಿರುಗುತ್ತದೆಂದು ಅತ್ತೆ ಅದರ ಕಣ್ಣಿಗೆ ಬೀಳದಂತೆ ಬಟ್ಟೆ ಮುಚ್ಚಿದರು. ಇನ್ನೊಂದು ಚೀಲದಲ್ಲಿ ಶಿರೀಷಾ ತನ್ನ ಸೀರೆಗಳನ್ನು ತುಂಬಿಕೊಂಡಿದ್ದಳು. ಅವಳೂ ಹಿಂದಿರುಗುವವಳಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರಿನ ಕಡೆ ಹೊರಟಾಗ, ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು.

"ಅಯ್ಯೋ ಪಾಪ, ಯಾವ್ದು ಕಣೇ ಇದನ್ನ ಹಿಂಗೆ ಕಚ್ಚಿದ್ದು?" ಎಂದು ತಾಯಿ ಲಕ್ಷ್ಮಿದೇವಮ್ಮ ಮರಿಯನ್ನು ಎದೆಗವಚಿಕೊಂಡಳು. ಹಳೇ ಸೀರೆ ಮಡಿಸಿ ಹಾಸಿದಳು. ಹಾಲಿಟ್ಟಳು. ಆಮೇಲೆ ಎರಡನೇ ಚೀಲದ ಕಡೆ ಕಣ್ಣು ಹೋಯಿತು, ಮುಖ ಸಪ್ಪಗಾಯಿತು.

"ಹೊಡೀತಾನಾ?"

"ತಮಾಷೆಗೆ ಅಂತಾನೆ. ನೋವಾದ್ರೂ ಬಿಡಲ್ಲಮ್ಮ."

"ಮತ್ತೆ? ತಮಾಷೆ ತಾನೇ ಶಿರೀಷಮ್ಮ. ಕುಡ್ಕೊಂಡು ಬಂದು ಹೊಡೆಯೋರನ್ನ ನೀನು ಕಂಡಿಲ್ಲ." ಲಕ್ಷ್ಮಿದೇವಮ್ಮ ದನಿ ತಗ್ಗಿಸಿದಳು. "ಮೌನಿಕಾನ ನೋಡೋಕೆ ಭಾನುವಾರ ಬರ್ತಿದ್ದಾರೆ. ಅಕ್ಕ ಮನೇಲಿ ಬಂದು ಕೂತವ್ಳೆ ಅಂದ್ರೆ ತಂಗೀನ ಯಾರು ಒಪ್ತಾರೆ, ನೀನೇ ಹೇಳು."

ಒಳಗೆ ಕನ್ನಡಿಯ ಮುಂದೆ ನಿಂತಿದ್ದ ಮೌನಿಕಾ ತಿರುಗಿ ನೋಡಲಿಲ್ಲ. ತಾಯಿಯೇ ಶಿರೀಷಾಳ ಮಣಿಕಟ್ಟಿಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು, ತಾಯಿಯೇ ಬಸ್ಸು ಹತ್ತಿಸಿದಳು. "ಮರಿ ಬಗ್ಗೆ ಯೋಚನೆ ಮಾಡ್ಬೇಡ. ಎರಡು ದಿನ ಕಟ್ಟಾಕ್ತೀನಿ, ಇಲ್ಲಾಂದ್ರೆ ಅಲ್ಲಿಗೇ ವಾಪಸ್ ಹೋಗ್ಬಿಡುತ್ತೆ" ಎಂದಳು ಕಿಟಕಿಯ ಹತ್ತಿರ ನಿಂತು. ಮಗಳು ಯಾವ ದಿಕ್ಕಿನ ಬಸ್ಸಿನಲ್ಲಿ ಕೂತಿದ್ದಾಳೆಂಬುದು ಆ ತಾಯಿಗೆ ಹೊಳೆಯಲೇ ಇಲ್ಲ.

ಶಿರೀಷಾ ಗಂಡನ ಮನೆ ಸೇರಿದಾಗ ಶ್ಯಾಮಲಮ್ಮ ಜಗುಲಿಯ ಮೇಲೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ಕರಿಯದು ಪಕ್ಕದಲ್ಲಿ ಕಾಲು ಚಾಚಿ ಮಲಗಿತ್ತು.

"ಮರಿ ಹೆಂಗಿದೆ? ಹಾಲು ಕುಡೀತಾ?"

"ಬದುಕ್ಕೊಳ್ತು ಅತ್ತೆ" ಎಂದಳು ಶಿರೀಷಾ. "ಅದನ್ನ ಬಿಡಿಸೋಕೆ ನೀವಿದ್ರಿ."

ಹಗ್ಗದ ಗಂಟಿನ ಮೇಲೆ ಶ್ಯಾಮಲಮ್ಮನ ಬೆರಳು ನಿಂತಿತು. ತಲೆ ಎತ್ತಲಿಲ್ಲ.

"ಬಂದ್ಲಾ?" ಎಂದು ಒಳಗಿನಿಂದ ರಮೇಶ್‌ಬಾಬು ನಗುತ್ತಾ ಕೂಗಿದ.

"ಬಂದ್ಲಪ್ಪ" ಎಂದರು ಶ್ಯಾಮಲಮ್ಮ. ಮತ್ತೆ ಹೊರೆ ಬಿಚ್ಚತೊಡಗಿದರು.