ಊಟವಾದ ಮೇಲಿನ ಒಂದು ಗಂಟೆ

ಚಿಕ್ಕವೆಂಕಟಪ್ಪ ಸೊಪ್ಪಿನ ರಸ ಕದಡಿದ ಮಜ್ಜಿಗೆಯ ಚೊಂಬನ್ನು ಮಾನಸಳ ಕೈಗಿಟ್ಟ. ಎರಡು ಗುಟುಕು ಒಳಗೆ ಹೋಯಿತೋ ಇಲ್ಲವೋ, ಅವಳು ಮುಂದಿದ್ದ ತಗಡಿನ ಬೋಗುಣಿಗೆ ಬಗ್ಗಿ ಎಲ್ಲವನ್ನೂ ಕಕ್ಕಿದಳು. ಒದ್ದಾಟವಿಲ್ಲ, ಕಣ್ಣು ಮೇಲೆ ಕೆಳಗೆ ಮಾಡಲಿಲ್ಲ. ವೇಲಿನ ತುದಿಯಿಂದ ಬಾಯಿ ಒರೆಸಿಕೊಂಡು ನೆಟ್ಟಗೆ ಕೂತಳು. ಅವನಿಗೇ ಆಶ್ಚರ್ಯವಾಯಿತು.

"ಇಷ್ಟು ಸಲೀಸಾಗಿ ಕಕ್ಕಿದೋರ್ನ ನಾನು ನೋಡಿಲ್ಲ ಕಣಮ್ಮ" ಎಂದು ಅವಳ ತಾಯಿ ಮುನಿತಾಯಮ್ಮನಿಗೆ ಹೇಳಿದ.

ಆಗದವರು ತಿಂಡಿಯಲ್ಲಿ ಮದ್ದು ಬೆರೆಸಿ ಕೊಡುತ್ತಾರೆ, ಅದು ಕರುಳಿಗೆ ಅಂಟಿಕೊಂಡು ತಿಂದದ್ದನ್ನು ನಿಲ್ಲಗೊಡುವುದಿಲ್ಲ, ಕಕ್ಕಿಸಿ ತೆಗೆದರೆ ವಾಸಿಯಾಗುತ್ತದೆ ಎಂದು ಆ ಸೀಮೆಯ ಜನ ನಂಬುತ್ತಿದ್ದರು. ನಂಬಿ ಪ್ರತಿ ಭಾನುವಾರ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಆಚೆ ಇದ್ದ ಈ ಮನುಷ್ಯನ ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು. ವಾಂತಿ ಮಾಡಿಕೊಳ್ಳುವ ಹುಡುಗಿಗೆ ವಾಂತಿ ಮಾಡಿಸುವ ವೈದ್ಯ. ಇದು ಕೇಳಿದರೆ ಯಾರಿಗಾದರೂ ನಗು ಬರಬೇಕು. ಅಲ್ಲಿ ಯಾರೂ ನಗಲಿಲ್ಲ.

ಅವನು ಬೋಗುಣಿಯೊಳಗೆ ಕೈಯಾಡಿಸಿ ಕೂದಲು ಸುತ್ತಿದ ಒಂದು ಕರಿ ಉಂಡೆ ಎತ್ತಿ ತೋರಿಸಿದ. ಕೈಯಾಡಿಸುವಾಗಲೇ ಅದು ಅವನ ಬೆರಳ ಸಂದಿಯಿಂದ ಬೋಗುಣಿಗೆ ಜಾರಿದ್ದನ್ನು ಮಾನಸ ಕಂಡಿದ್ದಳು. ಕಾಣದಿದ್ದರೂ ಗೊತ್ತಾಗುತ್ತಿತ್ತು. ತನ್ನ ಹೊಟ್ಟೆಗೆ ಹೋದದ್ದೇನು, ಬಂದದ್ದೇನು ಎನ್ನುವುದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಹೆಣ್ಣಿನ ಕೈ. ತಂದೆ ಕಡೇರು. ಸಿಹೀಲಿ ಕೊಟ್ಟವ್ರೆ" ಎಂದ ಚಿಕ್ಕವೆಂಕಟಪ್ಪ.

ಮುನಿತಾಯಮ್ಮ ಮಗಳ ಮುಖ ನೋಡಿದಳು. "ಕಜ್ಜಾಯ" ಎಂದಳು ಮೆಲ್ಲಗೆ.

ಮಾನಸ ಬಾಯಿ ತೆರೆಯಲಿಲ್ಲ. ಅವಳು ಮಾಡಿದ ತಪ್ಪೆಂದರೆ ಅದೊಂದೇ.

ಕಜ್ಜಾಯ ಕೊಟ್ಟಿದ್ದು ಮಾರಕ್ಕ, ಮಾನಸಳ ತಂದೆ ಗಂಗಣ್ಣನ ಅಕ್ಕ. ಆವತಿಯ ಪಕ್ಕದ ಅವರ ಊರಿನಲ್ಲಿ ತಮ್ಮನ ಮನೆಯಿಂದ ಎರಡು ಬೀದಿ ಆಚೆಗೇ ಅವಳನ್ನು ಕೊಟ್ಟಿತ್ತು. ಊರಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಕಜ್ಜಾಯದ ಪಾಕ ನೋಡಲು ಅವಳನ್ನೇ ಕರೆಯುತ್ತಿದ್ದರು. ಎರಡು ವರ್ಷದ ಕೆಳಗೆ ಅವಳು ತನ್ನ ಮಗ ಕೆಂಪರಾಜನಿಗೆ ಮಾನಸಳನ್ನು ಕೇಳಿದ್ದಳು. ಮುನಿತಾಯಮ್ಮ ಕೊಡುವುದಿಲ್ಲವೆಂದಳು. ಮಾರಕ್ಕ ಒಂದು ವಾರ ಮುನಿಸಿಕೊಂಡಿದ್ದು, ಬೇರೆ ಕಡೆ ಹೆಣ್ಣು ತಂದು, ಆಮೇಲೆ ಎಲ್ಲ ಮರೆತಿದ್ದಳು. ಮುನಿತಾಯಮ್ಮ ಮರೆತಿರಲಿಲ್ಲ. ತೊಂಬತ್ತೈದರ ದೀಪಾವಳಿಗೆ ಮಾರಕ್ಕ ಒಂದು ಡಬ್ಬಿ ಕಜ್ಜಾಯ ಕಳಿಸಿದಳು. ಮಾನಸ ಅದರಲ್ಲಿದ್ದ ಇಪ್ಪತ್ತನ್ನೂ ಒಂದೇ ಸಲಕ್ಕೆ ತಿಂದು, ತಿಪ್ಪೆಯ ಹಿಂದೆ ಹೋಗಿ ಕಕ್ಕುತ್ತಿದ್ದಾಗ ತಾಯಿಯ ಕಣ್ಣಿಗೆ ಬಿದ್ದಳು. ತಾಯಿಗೆ ಕಂಡಿದ್ದು ಅದೇ ಮೊದಲು. ಮೊದಲು ಬೇರೆ ಅನುಮಾನ ಬಂದು ತಿಂಗಳ ಲೆಕ್ಕ ಕೇಳಿದಳು. ಅದಲ್ಲವೆಂದು ಗೊತ್ತಾದ ಮೇಲೆ ಕಜ್ಜಾಯದ ಡಬ್ಬಿಯೇ ಉಳಿಯಿತು.

ಆದರೆ ಅದಕ್ಕೆ ಒಂದು ವರ್ಷ ಮೊದಲೇ ಇದು ಶುರುವಾಗಿತ್ತು. ದೇವನಹಳ್ಳಿಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಂದು ದಿನ ಕಂಡಕ್ಟರ್ "ಈ ಯಮ್ಮನಿಗೆ ಎರಡು ಟಿಕೆಟ್ ಹರೀಲೇನ್ರಪ್ಪಾ" ಎಂದ. ಬಸ್ಸು ಪೂರ್ತಿ ನಕ್ಕಿತು. ಕಂಡಕ್ಟರ್ ಅವತ್ತೇ ಅದನ್ನು ಮರೆತಿರಬೇಕು. ಮಾನಸ ಮಾರನೆಯ ದಿನದಿಂದ ಮಧ್ಯಾಹ್ನದ ಊಟದ ಡಬ್ಬಿಯನ್ನು ನಾಯಿಗಳಿಗೆ ಸುರಿದಳು. ಬೆಳಿಗ್ಗೆಯೂ ತಿನ್ನಲಿಲ್ಲ. ಸಂಜೆ ಮನೆಗೆ ಬಂದರೆ ಹೊಟ್ಟೆಯೊಳಗೆ ಬೆಂಕಿ. ಯಾರೂ ಇಲ್ಲದಾಗ ತಣ್ಣಗಿನ ಮುದ್ದೆ, ಬೆಲ್ಲದ ಅಚ್ಚು, ಹುರಿದ ಕಡ್ಲೆಬೀಜ, ಮೊಸರನ್ನ, ಕೈಗೆ ಸಿಕ್ಕಿದ್ದನ್ನೆಲ್ಲ ನಿಂತಲ್ಲೇ ತುರುಕಿಕೊಳ್ಳುವಳು. ರುಚಿಯೂ ತಿಳಿಯುತ್ತಿರಲಿಲ್ಲ. ಆಮೇಲೆ ತಿಂದೆನೆಂಬ ಭಯ. ಬೆರಳು ಗಂಟಲಿಗೆ. ನಾಳೆಯಿಂದ ಮಾಡುವುದಿಲ್ಲ ಎಂದು ಪ್ರತಿ ದಿನವೂ ಅಂದುಕೊಳ್ಳುವಳು.

ಮಧುರೆಯಿಂದ ಬಂದ ಸಂಜೆಯೇ ಮುನಿತಾಯಮ್ಮ ಬೀದಿಯಲ್ಲಿ ನಿಂತು ಕೂಗಾಡಿದಳು. ಗಂಗಣ್ಣ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಎಂಥ ಕಂಬವನ್ನಾದರೂ ಹತ್ತುತ್ತಿದ್ದವನು ಹೆಂಡತಿಗೂ ಅಕ್ಕನಿಗೂ ನಡುವೆ ನಿಲ್ಲಲಾರದೆ ಹೊಲದ ಕಡೆ ನಡೆದುಬಿಟ್ಟ. ಊರಿನವರು ಮಾರಕ್ಕನಿಗೆ ಏನೂ ಅನ್ನಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೇ. ಪಿಳ್ಳಣ್ಣನ ಮಗಳ ಮದುವೆಗೆ ಪಾಕಕ್ಕೆ ಬೇರೆಯವರನ್ನು ಕರೆಸಿದರು. ಊಟಕ್ಕೆ ಕೂತಾಗ ಮಾರಕ್ಕನ ಪಕ್ಕದ ಎರಡೂ ಎಲೆಗಳು ಖಾಲಿ ಉಳಿದವು. ಅವಳು ಅರ್ಧಕ್ಕೇ ಎದ್ದು ನೇರವಾಗಿ ಊರಿನ ಹಿರಿಯ ಬೈರಣ್ಣನ ಮನೆಗೆ ಹೋಗಿ, ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಆಣೆ ಮಾಡುತ್ತೇನೆಂದಳು.

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದೆ ನಲವತ್ತು ಜನ ಸೇರಿದ್ದರು. ಚಪ್ಪಡಿಯ ಮೇಲೆ ಕರ್ಪೂರ ಉರಿಯುತ್ತಿತ್ತು. ನಾನು ಮದ್ದು ಹಾಕಿದ್ದರೆ ನನ್ನ ಮಗನ ಮನೆ ಹಾಳಾಗಲಿ ಎಂದು ಹೇಳಿ ಅಂಗೈಯಲ್ಲಿ ಹೊಡೆದು ಆರಿಸಬೇಕು. ಕೆಂಪರಾಜನ ಹೆಂಡತಿ ಆಗ ಒಂಬತ್ತು ತಿಂಗಳ ಬಸುರಿ. ಅವಳು ಅತ್ತೆಯ ಹಿಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮಾನಸ ಆ ಹೊಟ್ಟೆಯನ್ನೇ ನೋಡುತ್ತಿದ್ದಳು. ಮಾರಕ್ಕ ಕೈ ಎತ್ತಿದಾಗ ಅವಳು ಮುಂದೆ ಬಂದಳು.

"ಅತ್ತೆ ಏನೂ ಹಾಕಿಲ್ಲ. ನಾನೇ ಬೆರಳು ಹಾಕ್ಕೊಂಡು ವಾಂತಿ ಮಾಡ್ಕೋತೀನಿ. ದಿನಾ ಮಾಡ್ಕೋತೀನಿ."

ಬೈರಣ್ಣ ತಲೆಯಾಡಿಸಿದ. "ನೋಡಿದ್ರಾ? ಒಳಗಿರೋ ಮದ್ದು ಮಾತಾಡ್ತೈತೆ. ಉಂಡಿದ್ದನ್ನ ಬೇಕೂಂತ ಕಕ್ಕೋರು ಎಲ್ಲಾದ್ರೂ ಅವ್ರಾ?"

ಎಲ್ಲರೂ ಹೌದೆಂದರು. ಉಣ್ಣುವುದಕ್ಕೆ ಇಲ್ಲದ ಕಾಲವನ್ನು ಕಂಡಿದ್ದ ಜನ. ಹುಡುಗಿ ವರ್ಷವೆಲ್ಲ ನುಂಗಿಕೊಂಡಿದ್ದ ಮಾತನ್ನು ನಲವತ್ತು ಜನರೆದುರು ಹೇಳಿದಳು, ಅದನ್ನು ಮದ್ದಿನ ಮಾತೆಂದು ಆಚೆ ತಳ್ಳಿದರು. ಮುನಿತಾಯಮ್ಮ ಅಳುತ್ತ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು.

ಮಾರಕ್ಕ ಆಣೆ ಮಾಡಿ ಕರ್ಪೂರ ಆರಿಸಿದಳು. ಸುಟ್ಟ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಬಂದು ಮಾನಸಳ ಬಲಗೈ ಹಿಡಿದಳು. ಬೆರಳ ಗೆಣ್ಣುಗಳ ಮೇಲೆ ಕಪ್ಪಗೆ ಜಡ್ಡುಗಟ್ಟಿದ ಗಾಯಗಳಿದ್ದವು.

"ಏನೇ ಮಗಾ ಇದು?"

"ಹಲ್ಲು ತಾಕಿದ್ದು, ಅತ್ತೆ."

ಮಾರಕ್ಕ ಆ ಕೈಯನ್ನು ತಮ್ಮನ ಮುಂದೆ ಹಿಡಿದಳು. "ಮದ್ದು ಕಚ್ತೈತೇನೋ ಗಂಗ? ನಿನ್ನ ಮಗಳ ಕೈ ನೋಡೋ, ಕಣ್ಣು ಬಿಟ್ಟು ನೋಡೋ."

ಸೋಮವಾರ ಗಂಗಣ್ಣ ರಜ ಹಾಕಿ ಮಗಳನ್ನೂ ಅಕ್ಕನನ್ನೂ ಕರೆದುಕೊಂಡು ದೊಡ್ಡಬಳ್ಳಾಪುರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದ. ಆಕೆ ಕೈ ನೋಡಿದರು, ಊದಿದ ಕೆನ್ನೆ ಮುಟ್ಟಿದರು, ಹಲ್ಲು ನೋಡಿದರು. ರಕ್ತ ಪರೀಕ್ಷೆಗೆ ಬರೆದರು. ಹೀಗೇ ಕಕ್ಕುತ್ತಿದ್ದರೆ ರಕ್ತದೊಳಗಿನ ಉಪ್ಪಿನಂಶ ಇಳಿದು ಹೃದಯವೇ ನಿಲ್ಲಬಹುದು ಎಂದು ಹೇಳಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಚೀಟಿ ಕೊಟ್ಟರು. ಆ ಹೆಸರು ಕೇಳಿ ಗಂಗಣ್ಣ ಬೆವರಿದ. ಆದರೂ ಹೋದ.

ಅಲ್ಲಿನ ಡಾಕ್ಟರು ಮಾನಸಳನ್ನು ಬೈಯಲಿಲ್ಲ. ಇದಕ್ಕೆ ಬುಲಿಮಿಯಾ ಎಂದು ಹೆಸರು, ನಿನ್ನಂಥವರು ಇನ್ನೂ ಇದ್ದಾರೆ ಎಂದರು. ಇನ್ನೂ ಇದ್ದಾರೆ ಎಂಬ ಮಾತಿಗೆ ಅವಳು ಅತ್ತಳು. ಗುಳಿಗೆ ಬರೆದು, ಎರಡು ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದು ಹೇಳಿ, ದೊಡ್ಡವರ ಕಡೆ ತಿರುಗಿದರು.

"ಕಕ್ಕೋದು ನಿಲ್ಲಬೇಕಾದ್ರೆ ಮೊದಲು ಉಪವಾಸ ನಿಲ್ಲಬೇಕು. ಹೊತ್ತಿಗೆ ಸರಿಯಾಗಿ ಮೂರು ಊಟ. ಬಲವಂತ ಮಾಡಬೇಡಿ, ತಟ್ಟೆ ನೋಡಬೇಡಿ. ಊಟ ಆದಮೇಲೆ ಒಂದು ಗಂಟೆ ಯಾರಾದ್ರೂ ಜೊತೆಗೆ ಕೂತಿರಿ. ಆ ಒಂದು ಗಂಟೆ ಇವಳಿಗೆ ಬಹಳ ಕಷ್ಟ."

ಮುನಿತಾಯಮ್ಮ ಎರಡು ದಿನ ಕೂತಳು. ಆದರೆ ಇನ್ನೊಂದು ತುತ್ತು ಎನ್ನದೆ ಇರಲು ಅವಳಿಂದಾಗಲಿಲ್ಲ. ಹದಿನೆಂಟು ವರ್ಷ ಮಗಳನ್ನು ಸಾಕಿದ್ದೇ ಆ ಮಾತಿನಿಂದ. ಮೂರನೆಯ ದಿನ ಮಾನಸ ಎಸೆದ ತಟ್ಟೆ ಗೋಡೆಗೆ ಬಡಿಯಿತು. ನಾನು ಬರುತ್ತೇನೆಂದು ಮಾರಕ್ಕ ಹೇಳಿಕಳಿಸಿದಳು. ಬರಲಿ, ಹೊಸಲು ದಾಟುವುದು ಬೇಡ ಎಂದಳು ಮುನಿತಾಯಮ್ಮ. ಆಣೆ ಆಗಿದ್ದರೂ ಅವಳ ಮನಸ್ಸಿನೊಳಗಿನ ಉಂಡೆ ಕರಗಿರಲಿಲ್ಲ.

ಹಾಗಾಗಿ ಮಾರಕ್ಕ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಂದು ಹೊರಗೆ ಜಗಲಿಯ ಮೇಲೆ ಕೂರುವಳು. ಮಾನಸ ತಟ್ಟೆ ತಂದು ಅಲ್ಲೇ ಉಣ್ಣುವಳು. ಹೋಗಿಬರುವವರು ನೋಡುತ್ತಿದ್ದರು. ಮಾರಕ್ಕ ತಟ್ಟೆ ನೋಡದೆ ಅವರೆಕಾಯಿ ಸುಲಿಯುವಳು, ಸೊಸೆಗೆ ಹುಟ್ಟಿದ ಮಗುವಿನ ಸುದ್ದಿ ಹೇಳುವಳು. ಅರ್ಧ ಗಂಟೆಯಾದ ಮೇಲೆ ಮಾನಸ ಮತ್ತೆ ಮತ್ತೆ ಹಿತ್ತಲ ಕಡೆ ನೋಡುವಳು. ಆಗ ಮಾರಕ್ಕ ಒಂದು ಹಿಡಿ ಅವರೆಕಾಯಿ ಅವಳ ಮುಂದೆ ಸರಿಸುವಳು. ಹನ್ನೊಂದು ದಿನ ಹಾಗೇ ಕಳೆಯಿತು. ಕಾಲೇಜಿನಲ್ಲಿ ಪರೀಕ್ಷೆ ಮುಗಿದುಹೋಯಿತು, ಅವಳು ಬರೆಯಲಿಲ್ಲ.

ಹನ್ನೆರಡನೆಯ ದಿನ ಹೊಸಕೋಟೆಯ ಕಡೆಯಿಂದ ಸುದ್ದಿ ಬಂತು. ಹೆಣ್ಣು ನೋಡಲು ಬರುತ್ತೇವೆ ಎಂದಿದ್ದವರು ಹುಚ್ಚಾಸ್ಪತ್ರೆಗೆ ತೋರಿಸುವ ಹುಡುಗಿ ಬೇಡ ಎಂದಿದ್ದರು. ಅವತ್ತು ಮಧ್ಯಾಹ್ನ ಮಾನಸ ಮುದ್ದೆ ಉಂಡಳು, ಕೈ ತೊಳೆದಳು, ಕೂತಳು. ಹತ್ತು ನಿಮಿಷಕ್ಕೆ ಎದ್ದಳು.

"ಅತ್ತೆ, ಇವತ್ತು ಆಗಲ್ಲ" ಎಂದಳು.

ಮಾರಕ್ಕ ಅವಳ ಕೈ ಹಿಡಿಯಲಿಲ್ಲ. "ಹೋಗ್ಬುಟ್ಟು ಬಾ. ನಾನು ಇಲ್ಲೇ ಇರ್ತೀನಿ" ಎಂದಳು.

ಮನೆಯ ಹಿಂದಿನಿಂದ ಆ ಸದ್ದು ಕೇಳಿತು. ಒಳಗಿದ್ದ ಮುನಿತಾಯಮ್ಮನಿಗೂ ಕೇಳಿತು. ಅವಳು ಬಾಗಿಲಿಗೆ ಬಂದು ನಿಂತಳು. ಬೈಯುವುದಕ್ಕೆ ಬಂದವಳ ಹಾಗೆ ಬಂದಳು. ಆದರೆ ಚೌಕಟ್ಟಿಗೆ ಒರಗಿ ಬರಿಗೈಯಲ್ಲಿ ನಿಂತಳು. ಒಳಗೂ ಹೋಗಲಿಲ್ಲ.

"ಬರ್ತಾಳೆ ಬಾ, ಕೂತ್ಕೋ" ಎಂದಳು ಮಾರಕ್ಕ, ತಲೆಯೆತ್ತದೆ.

ಹಿತ್ತಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಮಾರಕ್ಕ ಅವರೆಕಾಯಿಯ ಮೊರ ಎತ್ತಿಕೊಂಡು ಕಂಬದ ಕಡೆಗೆ ಸರಿದು, ಜಗಲಿಯ ಮೇಲೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಳು.